ಅಣ್ಣನ ರಕ್ತದ ಪಾಸ್‌ಬುಕ್

ಹೋದ ವರ್ಷ ಆಷಾಢದ ಮಳೆಯಲ್ಲಿ ನನ್ನ ಅಣ್ಣನಿಗೆ ಜ್ವರ ಬಂತು. ಅವನಿಗೆ ಆಗ 79 ವರ್ಷ. ಹಳ್ಳಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಕಂಬಳಿ ಹೊದ್ದು ಕೂತು ನನಗೆ ಮಗ್ಗಿ ಕಲಿಸಿದವನೂ ಅವನೇ. "ಇದು ಮಳೆಗಾಲದ ಶೀತ, ಶುಂಠಿ ಕಷಾಯಕ್ಕೆ ಹೋಗುತ್ತೆ" ಎಂದು ಮೂರು ದಿನ ತಳ್ಳಿದ. ನಾಲ್ಕನೆಯ ದಿನ ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿದರು. "ನಿಮ್ಮಣ್ಣ ಏದುಸಿರು ಬಿಡ್ತಾ ಶಾಲೆ ಗಂಟೆ ಹೊಡೀತಾ ಅಂತ ಕೇಳ್ತಿದಾರೆ, ಬೇಗ ಬನ್ನಿ."

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರಮ್ಮ ನ್ಯುಮೋನಿಯಾ ಎಂದರು. ಎಷ್ಟು ಗಂಭೀರ ಎಂದು ಕೇಳಿದೆ. ಅವರು ಬೆರಳು ಮಡಚುತ್ತಾ ಲೆಕ್ಕ ಹಾಕಿದರು. ಇಂಗ್ಲೆಂಡಿನ ಕಡೆಯ ವೈದ್ಯರು 2003ರಲ್ಲಿ ಪ್ರಕಟಿಸಿದ ಒಂದು ಸರಳ ಲೆಕ್ಕವಂತೆ, ಹೆಸರು ಕರ್ಬ್-65. ಮಾತಿನಲ್ಲಿ ಗೊಂದಲವಿದ್ದರೆ ಒಂದು ಅಂಕ. ರಕ್ತದಲ್ಲಿ ಯೂರಿಯಾ ಹೆಚ್ಚಿದ್ದರೆ, ಅಂದರೆ ನಮ್ಮ ಲ್ಯಾಬುಗಳ ಲೆಕ್ಕದಲ್ಲಿ ಸುಮಾರು 42 ಮಿಲಿಗ್ರಾಂ ದಾಟಿದರೆ ಒಂದು. ಉಸಿರು ನಿಮಿಷಕ್ಕೆ 30 ಅಥವಾ ಹೆಚ್ಚಾದರೆ ಒಂದು. ರಕ್ತದೊತ್ತಡ ಬಿದ್ದರೆ ಒಂದು. ವಯಸ್ಸು 65 ತುಂಬಿದ್ದರೆ ಇನ್ನೊಂದು. ಅಣ್ಣನಿಗೆ ಐದಕ್ಕೆ ನಾಲ್ಕು ಬಂತು. ಐಸಿಯುಗೆ ಸೇರಿಸಿದರು.

ಮನೆಗೆ ಬಂದು ಹೇಳಿದಾಗ ಎಂಟನೇ ತರಗತಿಯ ಮೊಮ್ಮಗಳು, "ಐದಕ್ಕೆ ನಾಲ್ಕಾ? ಒಳ್ಳೇದಲ್ವಾ ತಾತ?" ಎಂದಳು. ಇಲ್ಲಿ ಕಡಿಮೆ ಬಂದವರೇ ಪಾಸು ಎಂದು ಅವಳಿಗೆ ತಿಳಿಸಿ ಹೇಳಬೇಕಾಯಿತು. ಬರೀ ವಯಸ್ಸಾಗಿದ್ದಕ್ಕೆ ಒಂದು ಅಂಕ ಕೊಡುತ್ತಾರೆ ಎಂದದ್ದು ಅವಳಿಗೆ ದೊಡ್ಡ ಅನ್ಯಾಯವಾಗಿ ಕಂಡಿತು. ನನಗೂ ಹಾಗೇ ಅನ್ನಿಸಿತ್ತು.

ನಾನು ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೋದವನಲ್ಲ. ಅಂಕಿ ಕಂಡರೆ ಧೈರ್ಯ ಬರುವ ಜಾತಿ. ಮರುದಿನವೇ ಒಂದು ಉದ್ದನೆಯ ನೋಟ್‌ಬುಕ್ ಕೊಂಡು ಗೆರೆ ಎಳೆದೆ. ಬೆಳಿಗ್ಗೆ, ಸಂಜೆ ಅಣ್ಣನ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಂದು ಚೀಟಿ ಬರುತ್ತಿತ್ತು. ಅದರ ಅಂಕಿಗಳನ್ನೆಲ್ಲ ಬರೆದುಕೊಂಡೆ. ಯಾವುದು ಮುಖ್ಯ ಎಂದು ನರ್ಸ್ ಒಬ್ಬರನ್ನು ಕೇಳಿದಾಗ "ಲ್ಯಾಕ್ಟೇಟ್ ನೋಡ್ತಾರೆ ಸಾರ್" ಎಂದರು. ಅಲ್ಲಿಂದ ನಾನು ಅದರ ಬೆನ್ನು ಹತ್ತಿದೆ.

ಮಕ್ಕಳೇ, ಲ್ಯಾಕ್ಟೇಟ್ ನಿಮಗೆ ಹೊಸಬನಲ್ಲ. ಮೊಸರು ಹುಳಿಯಾಗುವುದು ಲ್ಯಾಕ್ಟಿಕ್ ಆಮ್ಲದಿಂದ. 1780ರಲ್ಲಿ ಶೀಲೆ ಎಂಬ ಸ್ವೀಡನ್ನಿನ ರಸಾಯನ ವಿಜ್ಞಾನಿ ಅದನ್ನು ಹುಳಿ ಹಾಲಿನಿಂದಲೇ ಬೇರ್ಪಡಿಸಿದ. ಅದರ ಇನ್ನೊಂದು ರೂಪವೇ ಲ್ಯಾಕ್ಟೇಟ್. ನೀವು ಓಟದ ಪಂದ್ಯದಲ್ಲಿ ಜೀವ ಬಿಟ್ಟು ಓಡಿದಾಗ ಸ್ನಾಯುಗಳಿಗೆ ಆಮ್ಲಜನಕ ಸಾಲದೆ, ಸಕ್ಕರೆಯನ್ನು ಅರ್ಧಂಬರ್ಧ ಉರಿಸುತ್ತವೆ. ಆಗ ಲ್ಯಾಕ್ಟೇಟ್ ಏರುತ್ತದೆ. ನೀವು ಕೂತು ಸುಧಾರಿಸಿಕೊಂಡರೆ ಯಕೃತ್ತು ಅದನ್ನು ತೆಗೆದುಹಾಕುತ್ತದೆ. ಕಾಯಿಲೆ ಬಿದ್ದವರಲ್ಲಿ ಓಡದೆಯೇ ಅದು ಏರಿದರೆ, ಅಂಗಾಂಗಗಳಿಗೆ ರಕ್ತವೋ ಆಮ್ಲಜನಕವೋ ಸರಿಯಾಗಿ ತಲುಪುತ್ತಿಲ್ಲ ಎಂಬ ಸೂಚನೆ. 2ರೊಳಗೆ ಇದ್ದರೆ ಸರಿ, 4 ದಾಟಿದರೆ ಅಪಾಯ. ಕೆಲವೊಮ್ಮೆ ಉಸಿರಿನ ಕೊಳವೆ ಬಿಚ್ಚಲು ಕೊಡುವ ಔಷಧಿಯಿಂದಲೂ ಅದು ಏರಬಹುದು. ಹಾಗಾಗಿ ವೈದ್ಯರು ಒಂದೇ ಅಂಕಿಯನ್ನು ನಂಬುವುದಿಲ್ಲ, ಮತ್ತೆ ಮತ್ತೆ ನೋಡುತ್ತಾರೆ.

ಅಣ್ಣನದು ಮೊದಲು 4.4 ಇತ್ತು. ಸಂಜೆಗೆ 3.2. ಮರುದಿನ ಬೆಳಿಗ್ಗೆ 2.1. ನನ್ನ ಎದೆ ಹಗುರಾಯಿತು. ಪುಣೆಯಲ್ಲಿರುವ ಅಣ್ಣನ ಮಗ ಬಸ್ ಹತ್ತಲು ಸಿದ್ಧನಾಗಿದ್ದ. ನಾನೇ ಫೋನ್ ಮಾಡಿ, "ಎಲ್ಲಾ ಇಳೀತಿದೆಯಪ್ಪ. ನೀನು ರಜ ಹಾಕಿ ಓಡಿ ಬರೋದು ಬೇಡ, ಶನಿವಾರ ಬಾ" ಎಂದೆ. ಡಾಕ್ಟರನ್ನು ಒಂದು ಮಾತು ಕೇಳಲಿಲ್ಲ.

ಆ ರಾತ್ರಿ ಎರಡು ಗಂಟೆಗೆ ಕರೆ ಬಂತು. ಅಣ್ಣನ ಉಸಿರು ಸೋಲುತ್ತಿದೆ, ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರ್ ಜೋಡಿಸಬೇಕು, ಸಹಿ ಮಾಡಿ ಎಂದರು. ನಾನೂ ಅತ್ತಿಗೆಯೂ ಮಳೆಯಲ್ಲಿ ಆಟೋ ಹಿಡಿದು ಹೋಗಿ ಸಹಿ ಹಾಕಿದೆವು.

ಬೆಳಿಗ್ಗೆ ಡಾಕ್ಟರಮ್ಮನಿಗೆ ನೋಟ್‌ಬುಕ್ ತೋರಿಸಿದೆ. "ಇಳೀತಾ ಇತ್ತಲ್ಲಮ್ಮಾ?" ನನ್ನ ದನಿ ನನಗೇ ದೂರಿನಂತೆ ಕೇಳಿಸಿತು. ಅವರು ಬೇಸರಪಡಲಿಲ್ಲ. ಪೆನ್ನು ತೆಗೆದುಕೊಂಡು ನಾನೇ ಬರೆದಿದ್ದ ಇನ್ನೊಂದು ಸಾಲಿನ ಕೆಳಗೆ ಗೆರೆ ಎಳೆದರು. ಅದು ಇಂಗಾಲದ ಡೈ ಆಕ್ಸೈಡಿನದು. 28, 34, 41. ಆರೋಗ್ಯವಂತರಿಗೆ ಇದು 35ರಿಂದ 45ರ ನಡುವೆ ಇರಬೇಕು. ಮೊದಲೆರಡಕ್ಕೆ 'ಕಡಿಮೆ' ಎಂಬ ಗುರುತಿತ್ತು. ಮೂರನೆಯದಕ್ಕೆ ಗುರುತೇ ಇರಲಿಲ್ಲ. ಅಂದರೆ ಸರಿಹೋಯಿತು ಎಂದುಕೊಂಡಿದ್ದೆ.

"ನಿಮಿಷಕ್ಕೆ 34 ಸಲ ಉಸಿರಾಡುವವರು ಈ ಅನಿಲವನ್ನು ಹೆಚ್ಚೆಚ್ಚು ಹೊರಗೆ ಹಾಕಬೇಕು, ರಕ್ತದಲ್ಲಿ ಅದು ಕಡಿಮೆಯೇ ಇರಬೇಕು" ಎಂದರು. "ಅಷ್ಟು ಕಷ್ಟಪಟ್ಟು ಉಸಿರಾಡಿಯೂ ಅದು 41ಕ್ಕೆ ಏರಿದರೆ ಉಸಿರಾಟದ ಸ್ನಾಯುಗಳು ದಣಿಯುತ್ತಿವೆ ಎಂದರ್ಥ. ನಾವು ಅದನ್ನೇ ಕಾಯುತ್ತಾ ಕೂತಿದ್ದೆವು. ರಾತ್ರಿ 58 ಆಯಿತು."

ನನಗೆ ಥಟ್ಟನೆ ಅರ್ಥವಾಯಿತು. ದಿನಾ ಕೈತುಂಬ ಹಣ ಕಟ್ಟುವ ಅಂಗಡಿಯವನ ಖಾತೆಯಲ್ಲಿ ಬ್ಯಾಲೆನ್ಸ್ ಮಾತ್ರ ಬೆಳೆಯದಿದ್ದರೆ, ಎಲ್ಲೋ ಸೋರುತ್ತಿದೆ ಎಂದು ನಾವು ಕೌಂಟರಿನಲ್ಲೇ ಹೇಳುತ್ತಿದ್ದೆವು. ಇಂದಿನ ಬ್ಯಾಲೆನ್ಸ್ ಒಂದನ್ನೇ ನೋಡಿ ಯಾರ ಸ್ಥಿತಿಯನ್ನೂ ಹೇಳಬಾರದು, ಪಾಸ್‌ಬುಕ್ಕಿನ ಪುಟಗಳನ್ನು ಓದಬೇಕು. ನನ್ನ ಕಸುಬಿನ ಮೊದಲ ಪಾಠವನ್ನು ನನ್ನ ಅಣ್ಣನ ವಿಷಯದಲ್ಲೇ ಮರೆತಿದ್ದೆ.

ಮಗ ಮರುದಿನ ಬಂದ. ಅಪ್ಪ ಮದ್ದಿನ ನಿದ್ದೆಯಲ್ಲಿದ್ದರು, ಬಾಯಲ್ಲಿ ಕೊಳವೆ. ಬಸ್ ಹತ್ತಿದ್ದರೆ ಸಂಜೆಯೊಳಗೆ ಬಂದು ಮಾತಾಡಿಸಬಹುದಿತ್ತು. "ಪರವಾಗಿಲ್ಲ ಚಿಕ್ಕಪ್ಪ" ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕಾಯುವ ದಿನಗಳು. ಈಗ ಎಲ್ಲರೂ ನೋಡುತ್ತಿದ್ದುದು ಸಿಆರ್‌ಪಿ ಎಂಬ ಇನ್ನೊಂದು ಅಂಕಿಯನ್ನು. ಅದರ ಕಥೆಯನ್ನು ಆಮೇಲೆ ಓದಿ ತಿಳಿದುಕೊಂಡೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವೈದ್ಯರು ನ್ಯುಮೋನಿಯಾ ರೋಗಿಗಳ ರಕ್ತದಲ್ಲೇ ಅದನ್ನು ಕಂಡದ್ದು. ಪೆನಿಸಿಲಿನ್ ಇನ್ನೂ ರೋಗಿಗಳ ಕೈಗೆ ಬಂದಿರದ ಕಾಲ. ಕಾಯಿಲೆ ಏರಿದಾಗ ರಕ್ತದಲ್ಲಿ ಕಾಣಿಸಿಕೊಂಡ ಆ ವಸ್ತು, ರೋಗಿ ಚೇತರಿಸಿಕೊಂಡರೆ ಮಾಯವಾಗುತ್ತಿತ್ತು. ಅದು ಯಕೃತ್ತು ತಯಾರಿಸುವ ಒಂದು ಪ್ರೋಟೀನು. ಒಳಗೆಲ್ಲೋ ಬೆಂಕಿ ಬಿದ್ದಿದೆ ಎಂದು ಗಂಟೆ ಬಾರಿಸಿದ ಹಾಗೆ. ಬೆಂಕಿ ಪೂರ್ತಿ ಆರಿ ಯಕೃತ್ತು ಅದನ್ನು ಮಾಡುವುದು ನಿಲ್ಲಿಸಿದರೆ, ರಕ್ತದಲ್ಲಿರುವುದು ಸುಮಾರು 19 ಗಂಟೆಗೆ ಅರ್ಧವಾಗುತ್ತದೆ. ನಿಜ ಜೀವನದಲ್ಲಿ ಇಳಿತ ಇನ್ನೂ ನಿಧಾನ. ನಾಲ್ಕು ದಿನಕ್ಕೂ ಅರ್ಧಕ್ಕೆ ಇಳಿಯದಿದ್ದರೆ ಔಷಧಿ ನಾಟುತ್ತಿದೆಯೇ, ಬೇರೆ ತೊಡಕಿದೆಯೇ ಎಂದು ಮತ್ತೆ ಹುಡುಕಬೇಕು ಎಂದರು ಡಾಕ್ಟರಮ್ಮ.

ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 10ರ ಒಳಗಿರುತ್ತದೆ. ಅಣ್ಣನದು 288. ಮರುದಿನ 290. ಮೂರನೆಯ ದಿನ 198. ಆಮೇಲೆ 120, 64. ಮೊಮ್ಮಗಳು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದಳು. ಗೆರೆ ಇಳಿಜಾರಿನಲ್ಲಿ ಹೊರಟ ಸೈಕಲ್ಲಿನಂತಿತ್ತು. ಆದರೂ ಈ ಸಲ ನಾನು ಯಾರಿಗೂ ಫೋನ್ ಮಾಡಲಿಲ್ಲ. ಪಕ್ಕದ ಹಾಸಿಗೆಯಲ್ಲಿ ನಲವತ್ತೂ ತುಂಬದ ಒಬ್ಬರಿದ್ದರು. ಅಣ್ಣನಿಗಿಂತ ಅಂಕ ಕಡಿಮೆ, ಚೀಟಿಯೂ ಚೆನ್ನಾಗಿತ್ತು ಎಂದು ಅವರ ಹೆಂಡತಿ ಹೇಳಿದ್ದರು. ಒಂದು ಬೆಳಿಗ್ಗೆ ಆ ಹಾಸಿಗೆ ಖಾಲಿಯಾಗಿತ್ತು. ನಾನು ಆಕೆಗೆ ಏನೂ ಹೇಳಲಾರದೆ ನಿಂತೆ.

"ನೂರು ಜನರಲ್ಲಿ ಎಷ್ಟು ಜನ ಎಂದು ಅಂಕಿ ಹೇಳುತ್ತದೆ. ಇವರು ಆ ನೂರರಲ್ಲಿ ಯಾರು ಎಂದು ಹೇಳುವುದಿಲ್ಲ. ಯಾರನ್ನು ಹೆಚ್ಚು ಕಣ್ಣಿಟ್ಟು ಕಾಯಬೇಕು ಎಂದು ನಮಗೆ ತಿಳಿಸುತ್ತದೆ, ಅಷ್ಟೇ" ಎಂದರು ಡಾಕ್ಟರಮ್ಮ.

ಏಳನೆಯ ದಿನ ಕೊಳವೆ ತೆಗೆದರು. ಸಂಜೆ ಒಳಗೆ ಹೋದೆ. ಅಣ್ಣನ ಗಂಟಲು ಸೀಳಿದ ಬಿದಿರಿನಂತಾಗಿತ್ತು. ನನ್ನನ್ನು ನೋಡಿ ಮೊದಲು ಹೇಳಿದ್ದು: "ಕೊಳವೆ ಹಾಕೋಕೆ ಮುಂಚೆ ನೀನು ಬಂದಾಗಲೆಲ್ಲ ನನ್ನ ತಲೆ ಮೇಲಿನ ಟೀವಿ ನೋಡ್ತಿದ್ದೆಯಲ್ಲೋ. ಒಂದು ಸಲ ಕೈ ಹಿಡ್ಕೋಬಾರದಿತ್ತಾ?"

ಅದು ಟೀವಿಯಲ್ಲ, ಮಾನಿಟರ್. ಒಳಗೆ ಬಿಡುತ್ತಿದ್ದುದೇ ಐದು ನಿಮಿಷ. ಆ ಐದು ನಿಮಿಷವೂ ನಾನು ಅಂಕಿ ಬರೆದುಕೊಳ್ಳುತ್ತಿದ್ದೆ. ಹೆದರಿದ ಮನುಷ್ಯ ನನ್ನ ಕಡೆ ನೋಡುತ್ತಿದ್ದದ್ದು ನನ್ನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ನನ್ನ ವಯಸ್ಸಿನವರಿಗೆ ಒಂದು ಮಾತು. ನಮ್ಮವರು ಒಳಗೆ ಮಲಗಿದಾಗ ಚೀಟಿ ಓದುವ ಕೆಲಸ ಅದನ್ನು ಬಲ್ಲವರಿಗೇ ಇರಲಿ. "ನಿನ್ನೆಗಿಂತ ಹೇಗಿದ್ದಾರೆ? ಈಗ ನೀವು ಯಾವುದನ್ನು ಗಮನಿಸುತ್ತಿದ್ದೀರಿ?" ಎಂದು ಕೇಳೋಣ. ಬರುತ್ತೇನೆ ಎಂದ ಮಕ್ಕಳನ್ನು ಬರಬೇಡ ಎನ್ನುವುದು ಬೇಡ. ಒಳಗೆ ಬಿಟ್ಟರೆ ಕೈ ತೊಳೆದುಕೊಂಡು ಹೋಗಿ ಅವರ ಕೈ ಹಿಡಿಯೋಣ.

ಅಣ್ಣ ಮನೆಗೆ ಬಂದ. ಎರಡು ತಿಂಗಳು ಆಮ್ಲಜನಕದ ಯಂತ್ರ ಬೇಕಾಯಿತು. ಈಗಲೂ ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳುತ್ತಾನೆ. ಒಂದು ಭಾನುವಾರ ಮೊಮ್ಮಗಳು ಹೆಮ್ಮೆಯಿಂದ ತನ್ನ ಗ್ರಾಫ್ ತೋರಿಸಿದಳು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಗೆರೆ ಚೆನ್ನಾಗಿದೆ. ಆದರೆ ಅಕ್ಷಗಳಿಗೆ ಹೆಸರೇ ಬರೆದಿಲ್ಲವಲ್ಲ ಮಗು" ಎಂದ. "ಒಂದು ಅಂಕ ಕಟ್."