ತಿರುಪತಿಯಿಂದ ಸ್ವಲ್ಪವೇ ಆಚೆ: ಚಂದ್ರಗಿರಿ ಕೋಟೆ

ಮಣಲಿಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ತಿರುಪತಿ ದೂರದ ಊರಲ್ಲ. ನಸುಕಿಗೇ ಹೊರಟು, ದರ್ಶನ ಮುಗಿಸಿ, ಲಾಡು ಹಿಡಿದು ರಾತ್ರಿಗೆ ಮನೆ ಸೇರುವವರೇ ಹೆಚ್ಚು. ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಚಂದ್ರಗಿರಿ ಕೋಟೆ ನೋಡಿದವರು ಮಾತ್ರ ಕಡಿಮೆ. ಈ ಸಲ ಹೆಂಡತಿ, ಮಗನನ್ನು ಕರೆದುಕೊಂಡು ನಾನು ಅದಕ್ಕೆಂದೇ ಹೊರಟೆ.

ರೆಡ್ ಹಿಲ್ಸ್, ಊತ್ತುಕೋಟೈ ದಾಟಿ ಪುತ್ತೂರಿನ ಕಡೆ ಸಾಗಿದರೆ ನಡುವೆ ನಾಗಲಾಪುರ ಸಿಗುತ್ತದೆ. ಕೃಷ್ಣದೇವರಾಯ ತಾಯಿ ನಾಗಲಾಂಬಿಕೆಯ ನೆನಪಿಗೆ ಇಟ್ಟ ಹೆಸರಂತೆ ಇದು. ಹತ್ತು ನಿಮಿಷ ಇಳಿದು ವೇದನಾರಾಯಣಸ್ವಾಮಿ ದೇವಾಲಯ ನೋಡಿದೆವು.

ಚಂದ್ರಗಿರಿ ಒಂದು ದೊಡ್ಡ ಬಂಡೆಗುಡ್ಡದ ಬುಡದಲ್ಲಿದೆ. ಗುಡ್ಡದ ಮೇಲೂ ಕೋಟೆಯ ಗೋಡೆ ಕಾಣುತ್ತದೆ. ಕೆಳಗಿನ ಕೋಟೆಯೊಳಗೆ ಒಂದು ಪಟ್ಟಣವೇ ಇತ್ತು. ಈಗ ಉಳಿದಿರುವುದು ಪಾಳುಬಿದ್ದ ಕೆಲವು ಗುಡಿಗಳು, ಕೊಳ, ರಾಣಿ ಮಹಲ್ ಮತ್ತು ಮೂರು ಅಂತಸ್ತಿನ ರಾಜ ಮಹಲ್. ಕಲ್ಲು, ಇಟ್ಟಿಗೆ, ಗಾರೆಯಿಂದ ಕಟ್ಟಿದ ಈ ಮಹಲಿನಲ್ಲಿ ಮರದ ತೊಲೆಗಳೇ ಇಲ್ಲ. ಹಂಪಿಯ ಕಮಲ ಮಹಲ್ ನೋಡಿದವರಿಗೆ ಇಲ್ಲಿನ ಕಮಾನುಗಳು ಪರಿಚಿತವೆನಿಸುತ್ತವೆ. ಈಗ ಅದು ಪುರಾತತ್ವ ಇಲಾಖೆಯ ಮ್ಯೂಸಿಯಂ.

1485ರಲ್ಲಿ ವಿಜಯನಗರದ ಸಿಂಹಾಸನ ಹಿಡಿದ ಸಾಳುವ ನರಸಿಂಹ ಇಲ್ಲಿಂದ ಹೋದವನು. 1565ರ ರಕ್ಕಸತಂಗಡಿ ಯುದ್ಧದ ನಂತರ ಅರಸುಮನೆತನ ಹಂಪಿ ಬಿಟ್ಟು ಪೆನುಕೊಂಡಕ್ಕೆ ಹೋಯಿತು. ಅದೇ ಶತಮಾನದ ಕೊನೆಯ ಹೊತ್ತಿಗೆ ಎರಡನೇ ವೆಂಕಟಪತಿರಾಯ ಚಂದ್ರಗಿರಿಗೆ ಬಂದ. ನಾವು ಶಾಲೆಯಲ್ಲಿ ಓದಿದ ವಿಜಯನಗರ ಹಂಪಿಯ ಬೆಂಕಿಯಲ್ಲೇ ಮುಗಿದುಹೋಗುತ್ತಿತ್ತು. ನಿಜದಲ್ಲಿ ಅದು ಊರು ಬದಲಿಸಿಕೊಂಡು ಇನ್ನೂ ಸುಮಾರು ಎಂಬತ್ತು ವರ್ಷ ಬಾಳಿತು.

ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಹೇಳುತ್ತಿದ್ದಾಗ ಮಗ ಕೇಳಿದ: "ಅಪ್ಪಾ, ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದವರಾ?"

ಅವನು ಹುಟ್ಟಿದ್ದು ಚೆನ್ನೈಯಲ್ಲಿ. ತಮಿಳು ಸರಾಗ, ಕನ್ನಡ ಮನೆಯಲ್ಲಿ ಮಾತ್ರ. ಬೇಸಿಗೆ ರಜೆಗೆ ಊರಿಗೆ ಹೋದರೆ ಅವನನ್ನು "ಮದ್ರಾಸ್ ಹುಡುಗ" ಅನ್ನುತ್ತಾರೆ, ಇಲ್ಲಿ ಗೆಳೆಯರು "ಕನ್ನಡಕ್ಕಾರ" ಅನ್ನುತ್ತಾರೆ. ಅವನ ಪ್ರಶ್ನೆ ಅಲ್ಲಿಂದ ಬಂದದ್ದು ಎಂದು ನನಗೆ ಗೊತ್ತಾಯಿತು.

ಅದಕ್ಕೇ ಉಳಿದ ಕತೆಯನ್ನೂ ಹೇಳಿದೆ. 1639ರಲ್ಲಿ ಇಂಗ್ಲಿಷರ ಕಂಪನಿಯ ಫ್ರಾನ್ಸಿಸ್ ಡೇಗೆ ಸಮುದ್ರದಂಡೆಯಲ್ಲಿ ಕೋಟೆ ಕಟ್ಟಲು ಅನುಮತಿ ಕೊಟ್ಟವನು ಇದೇ ರಾಯರ ಅಧೀನದ ದಾಮರ್ಲ ವೆಂಕಟಾದ್ರಿ ನಾಯಕ. ಅವನ ತಂದೆ ಚೆನ್ನಪ್ಪ ನಾಯಕನ ಹೆಸರಿನಿಂದಲೇ ಚೆನ್ನಪಟ್ಟಣ. 1645ರಲ್ಲಿ ಮೂರನೇ ಶ್ರೀರಂಗರಾಯ ಆ ದಾನವನ್ನು ಮತ್ತೆ ಖಾಯಂ ಮಾಡಿದ. ನಾವಿರುವ ನಗರ ಬೆಳೆದದ್ದು ಹಂಪಿ ಬಿಟ್ಟು ಬಂದವರ ಕಾಲದಲ್ಲಿ, ಅವರ ಒಪ್ಪಿಗೆಯಿಂದ.

ಆ ರಾಯರು ಕನ್ನಡಿಗರೋ ತೆಲುಗರೋ ಎಂದು ಜಗಳವಾಡಬಹುದು. ಅವರ ಶಾಸನಗಳಂತೂ ಕನ್ನಡ, ತೆಲುಗು, ತಮಿಳು, ಸಂಸ್ಕೃತ ಎಲ್ಲದರಲ್ಲೂ ಇವೆ. ಮಗನಿಗೆ ನಾನು ಹೇಳಿದ್ದು ಇಷ್ಟೇ: "ಎರಡು ಊರು ಇರೋದು ತಪ್ಪಲ್ಲ ಕಣೋ."

ನೀವೂ ಮುಂದಿನ ತಿರುಪತಿ ಪ್ರಯಾಣದಲ್ಲಿ ಅರ್ಧ ದಿನ ಇದಕ್ಕೆಂದು ಎತ್ತಿಡಿ. ಶುಕ್ರವಾರ ಮ್ಯೂಸಿಯಂಗೆ ರಜೆ. ಬಿಸಿಲು ಜೋರು, ನೀರು ಮರೆಯಬೇಡಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದರೆ ತಪ್ಪದೆ ಕರೆದುಕೊಂಡು ಹೋಗಿ.