ಕಪ್ಪು–ಕಿತ್ತಳೆ ಪಟ್ಟಿ: ಮೀನಾ ಸಲ್ಮಾನ್ ಟಿಪ್ಪಣಿಗಳು

ಮೂರು ಕಪ್ಪು ಗೆರೆ, ನಡುವೆ ಎರಡು ಕಿತ್ತಳೆ ಗೆರೆ. ಬಹ್ರೇನಿನ ಮೀನಾ ಸಲ್ಮಾನ್ ಬಂದರಿಗೆ ರಿಪೇರಿಗೆ ಬಂದ ಸರಕು ಹಡಗಿನ ರಷ್ಯದ ಎಂಜಿನಿಯರ್ ಒಬ್ಬ ಆ ರಿಬ್ಬನ್ನನ್ನು ಬ್ಯಾಗಿಗೆ ಕಟ್ಟಿಕೊಂಡಿದ್ದ. ಅದೇ ಹಡಗಿನ ಇನ್ನೊಬ್ಬ, ಉಕ್ರೇನಿನವನು, ಹತ್ತಿರ ಬಂದು ಏನೋ ಹೇಳಿದ. ದನಿ ಏರಲಿಲ್ಲ, ಮುಖ ಮಾತ್ರ ಕೆಂಪೇರಿತ್ತು. ಮೊದಲನೆಯವನು ರಿಬ್ಬನ್ ಬಿಚ್ಚಿ ಜೇಬಿಗಿಟ್ಟ. ಇಬ್ಬರೂ ಆಡಿದ್ದು ರಷ್ಯನ್ ಭಾಷೆಯನ್ನೇ. “ಎಂಥದು ಮಾರಾಯ್ರೆ ಅದು?” ಎಂದು ಜೊತೆಗಿದ್ದ ಉಡುಪಿ ಕಡೆಯವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

*

ಅದು ಸೇಂಟ್ ಜಾರ್ಜ್ ರಿಬ್ಬನ್. 1769ರಲ್ಲಿ ರಷ್ಯದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್ ಆರಂಭಿಸಿದ ಸೇಂಟ್ ಜಾರ್ಜ್ ಶೌರ್ಯ ಪದಕದ ಪಟ್ಟಿ. ಕಪ್ಪು ಎಂದರೆ ಮದ್ದಿನಪುಡಿ, ಕಿತ್ತಳೆ ಎಂದರೆ ಬೆಂಕಿ ಎನ್ನುವ ವಿವರಣೆ ಎಲ್ಲ ಕಡೆ ಸಿಗುತ್ತದೆ. ಆದರೆ ಆ ವಿವರಣೆ ಚಾಲ್ತಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮೊದಲಿಗೆ ಇದ್ದದ್ದು ಹಳದಿ ಗೆರೆ. ರಷ್ಯದ ರಾಜಲಾಂಛನವೂ ಚಿನ್ನದ ಹಿನ್ನೆಲೆಯ ಮೇಲಿನ ಕಪ್ಪು ಹದ್ದು. ಬಣ್ಣ ಅಲ್ಲಿಂದಲೇ ಬಂದಿರಬೇಕು ಎಂದು ನನಗನ್ನಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಣ್ಣವಲ್ಲ, ಪದಕದ ನಿಯಮ. ದೊಡ್ಡ ಮನೆತನದಲ್ಲಿ ಹುಟ್ಟಿದರೆ ಸಾಲದು, ಯುದ್ಧದಲ್ಲಿ ಗಾಯಗೊಂಡರೂ ಸಾಲದು. ಕಣದಲ್ಲಿ ಮಾಡಿದ ಸಾಹಸಕ್ಕೆ ಮಾತ್ರ ಪದಕ. ಅದರ ನಾಲ್ಕೂ ದರ್ಜೆಗಳನ್ನು ಪಡೆದವರು ಇಡೀ ಚರಿತ್ರೆಯಲ್ಲಿ ನಾಲ್ವರೇ. ನೆಪೋಲಿಯನ್ನನನ್ನು ಎದುರಿಸಿದ ಕುತುಜೋವ್ ಅವರಲ್ಲೊಬ್ಬ. 1807ರಲ್ಲಿ ಸಾಮಾನ್ಯ ಸಿಪಾಯಿಗಳಿಗೂ ಇದೇ ಪಟ್ಟಿಯ ಪದಕ ಬಂತು. ಕ್ರೈಸ್ತರಲ್ಲದ ಸಿಪಾಯಿಗಳಿಗೆಂದು 1844ರಿಂದ ಸಂತನ ಚಿತ್ರದ ಬದಲು ಹದ್ದಿನ ಮುದ್ರೆ ಹಾಕಿಕೊಟ್ಟರು.

*

1917ರ ಕ್ರಾಂತಿ ಇದನ್ನೆಲ್ಲ ರದ್ದುಮಾಡಿತು. ಆಮೇಲಿನದು ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಸಾಮ್ರಾಜ್ಞಿಯ ಬಣ್ಣಗಳನ್ನು ಕಿತ್ತೆಸೆದ ಸರ್ಕಾರವೇ, ಹಿಟ್ಲರನ ಸೈನ್ಯ ಒಳನುಗ್ಗಿದಾಗ, ಅವನ್ನು ಮರಳಿ ಕರೆಯಿತು. 1942ರಲ್ಲಿ ನೌಕಾಪಡೆಯ ‘ಗಾರ್ಡ್ಸ್’ ಹಡಗುಗಳ ನಾವಿಕರ ಟೋಪಿಗೆ ಕಪ್ಪು–ಕಿತ್ತಳೆ ಪಟ್ಟಿ ಬಂತು. 1943ರ ನವೆಂಬರಿನಲ್ಲಿ ಸಿಪಾಯಿ, ಸಾರ್ಜೆಂಟ್‌ಗಳಿಗಾಗಿ ‘ಆರ್ಡರ್ ಆಫ್ ಗ್ಲೋರಿ’ ಹುಟ್ಟಿತು, ಅದೇ ಪಟ್ಟಿಯೊಂದಿಗೆ. 1945ರಲ್ಲಿ ಜರ್ಮನಿಯ ಮೇಲಿನ ವಿಜಯದ ಪದಕ ಸುಮಾರು ಒಂದೂವರೆ ಕೋಟಿ ಜನರ ಎದೆಗೇರಿತು. ಉಕ್ರೇನಿನ ಹಳ್ಳಿಗಳಿಂದ ಹೋಗಿ ಕಾದಾಡಿದ ಲಕ್ಷಾಂತರ ಮಂದಿಗೂ ಸಿಕ್ಕಿದ್ದು ಇದೇ ಪಟ್ಟಿ. ಬಂದರಿನಲ್ಲಿ ಅಂದು ಎದುರುಬದುರಾಗಿ ನಿಂತ ಆ ಇಬ್ಬರ ಅಜ್ಜಂದಿರೂ ಒಂದೇ ಪದಕ ಧರಿಸಿದ್ದಿರಬಹುದು.

*

2005, ವಿಜಯದ ಅರವತ್ತನೆಯ ವರ್ಷ. ಮಾಸ್ಕೋದ ಸುದ್ದಿಸಂಸ್ಥೆ ರಿಯಾ ನೋವೊಸ್ತಿ ರಿಬ್ಬನ್ ಹಂಚುವ ಅಭಿಯಾನ ಶುರುಮಾಡಿತು. ಮಾರುವಂತಿಲ್ಲ, ರಾಜಕೀಯಕ್ಕೆ ಬಳಸುವಂತಿಲ್ಲ ಎಂಬ ಷರತ್ತೂ ಇತ್ತು. ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು. ಆದರೂ ಯುದ್ಧ ಕಂಡವನ ಎದೆಯ ಮೇಲಿದ್ದದ್ದು ಅಂದಿನಿಂದ ಯಾರ ಕೈಗಾದರೂ, ಯಾವ ಕಾರಿನ ಆಂಟೆನಾಗಾದರೂ ಬರುವಂತಾಯಿತು. 2014ರಲ್ಲಿ ಪೂರ್ವ ಉಕ್ರೇನಿನ ಡೊನ್‌ಬಾಸ್‌ನ ರಷ್ಯಪರ ಹೋರಾಟಗಾರರು ಅದನ್ನೇ ತೋಳಿಗೆ ಸುತ್ತಿಕೊಂಡರು. ಷರತ್ತು ಅಲ್ಲಿಗೆ ಸತ್ತಿತು. 2017ರಲ್ಲಿ ಉಕ್ರೇನ್, 2022ರಲ್ಲಿ ಲಿಥುವೇನಿಯಾ ಮತ್ತು ಮಾಲ್ಡೋವಾ ರಿಬ್ಬನ್ನನ್ನು ನಿಷೇಧಿಸಿದವು. ಅದೇ 2022ರ ಡಿಸೆಂಬರಿನಲ್ಲಿ ರಷ್ಯ ಕಾನೂನು ಮಾಡಿ ಅದನ್ನು ‘ಸೈನಿಕ ಕೀರ್ತಿಯ ಸಂಕೇತ’ ಎಂದು ಘೋಷಿಸಿತು. ಗಡಿಯ ಒಂದು ಬದಿ ಕಟ್ಟಿಕೊಂಡರೆ ಅಪರಾಧ, ಇನ್ನೊಂದು ಬದಿ ಅವಮಾನಿಸಿದರೆ ಅಪರಾಧ. ಹಡಗಿನಲ್ಲಿ ದುಡಿಯುವವರು ಎರಡೂ ಬದಿಯವರು. ಊಟದ ಮೇಜು ಒಂದೇ.

*

ನಮ್ಮ ವೀರಗಲ್ಲುಗಳ ಬಗ್ಗೆ ಯೋಚಿಸುತ್ತೇನೆ. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು ಅವನ ಊರಿನಲ್ಲೇ ನಿಲ್ಲುತ್ತದೆ. ಯಾರೂ ಅದನ್ನು ರಿಬ್ಬನ್ನಿನಂತೆ ಕತ್ತರಿಸಿ ಹಂಚಲಾರರು.

*

ಆ ಇಬ್ಬರನ್ನು ಕಂಡ ಈ ಮೀನಾ ಸಲ್ಮಾನ್ ಬಂದರು 1962ರದು. ಕಂಟೇನರ್‌ಗಳೆಲ್ಲ 2009ರಲ್ಲಿ ಹಿದ್ದ್‌ನ ಹೊಸ ಬಂದರಿಗೆ ಹೋದವು. ಪಕ್ಕದ ಜುಫೈರ್‌ನಲ್ಲಿ ಅಮೆರಿಕದ ಐದನೆಯ ನೌಕಾಪಡೆಯ ನೆಲೆ. ರಷ್ಯದ ಕೈಕೆಲಸವೂ ಬಹ್ರೇನಿಗೆ ಬಂದು ಹೋಗಿದೆ, ಭಾರತದ ಬಾವುಟದಡಿ: ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಟ್ಟಿದ ಐಎನ್ಎಸ್ ತಲ್ವಾರ್ 2021ರಲ್ಲಿ, ಕೋವಿಡ್ಡಿನ ಎರಡನೆಯ ಅಲೆಯ ಹೊತ್ತಿಗೆ, ಮನಾಮಾದಿಂದ ದ್ರವ ಆಮ್ಲಜನಕದ ಟ್ಯಾಂಕುಗಳನ್ನು ಹೊತ್ತು ಮೇ 5ರಂದು ನವಮಂಗಳೂರು ಬಂದರಿಗೆ ತಲುಪಿಸಿತು. ಕರಾವಳಿಯ ನಮಗೆ ಆ ಹಡಗಿನ ಹೆಸರು ನೆನಪಿರಬೇಕು. ಆ ನೆನಪಿಗೆ ರಿಬ್ಬನ್ ಬೇಕಿಲ್ಲ, ಮಾಡಿದ ಕೆಲಸ ಕಣ್ಣೆದುರಿಗಿದೆ.

*

ಇನ್ನೊಂದು ಸಂಗತಿ ತಡವಾಗಿ ತಿಳಿಯಿತು. ಉಕ್ರೇನಿನ ನಿಷೇಧದಲ್ಲಿ ಹಳೆಯ ಸೋವಿಯತ್ ಪದಕಗಳಿಗೆ ವಿನಾಯಿತಿ ಇದೆ. ಬರ್ಲಿನ್‌ವರೆಗೆ ನಡೆದು ಹೋದ ಮುದುಕ ತನ್ನ ಪದಕವನ್ನು ಅದರ ಕಪ್ಪು–ಕಿತ್ತಳೆ ಪಟ್ಟಿಯ ಸಮೇತ ಧರಿಸಬಹುದು. ಅವನ ಮೊಮ್ಮಗ ಅಂಥದೇ ರಿಬ್ಬನ್ ತಂದು ಬ್ಯಾಗಿಗೆ ಕಟ್ಟಿದರೆ ದಂಡ. ಕ್ಯಾಥರೀನಳ ನಿಯಮಕ್ಕೆ ಇವತ್ತು ಹೆಚ್ಚು ಹತ್ತಿರವಿರುವುದು ಈ ಕಾನೂನೇ ಎಂದು ಬರೆಯುತ್ತಿದ್ದೇನೆ. ರಷ್ಯದ ಆ ಎಂಜಿನಿಯರ್ ಇದನ್ನು ಒಪ್ಪಲಿಕ್ಕಿಲ್ಲ.