ಬುಟ್ಟಿ ತುಂಬ ಹಸಿರು

ಕಿಕ್ಕೇರಿ ಎಂದರೆ ಓದುವ ಮಂದಿಗೆ ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. ನೋಡಲು ಬರುವವರಿಗೆ 1171ರಲ್ಲಿ ಕಟ್ಟಿಸಿದ ಬ್ರಹ್ಮೇಶ್ವರನ ಗುಡಿ. ಆದರೆ ಕೋಳಿ ಕೂಗುವ ಹೊತ್ತಿಗೇ ಏಳುವ ಅಲ್ಲಿಯ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಕೊಟ್ಟಿಗೆಯ ಹಸು, ಡೇರಿಗೆ ಒಯ್ಯಬೇಕಾದ ಹಾಲು. ಕೃಷ್ಣರಾಜಪೇಟೆ ತಾಲ್ಲೂಕಿನ ಎಷ್ಟೋ ಮಕ್ಕಳ ಪುಸ್ತಕ, ಬಸ್ ಪಾಸು, ಪರೀಕ್ಷೆ ಶುಲ್ಕ ಎಲ್ಲವೂ ಆ ಹಾಲಿನಿಂದಲೇ ಹುಟ್ಟಬೇಕು.

ಅಂಥದೇ ಒಂದು ಮನೆ. ಅಪ್ಪ, ಅವ್ವ, ಅಜ್ಜಿ, ಪಿಯುಸಿ ಓದುವ ಮಗಳು, ಹೈಸ್ಕೂಲಿನ ಮಗ. ಜೊತೆಗೆ ಒಂದು ಸೀಮೆಹಸು. ಹಗಲು ಕೆರೆಯಂಗಳದಲ್ಲಿ, ಹೊಲದ ಬದುಗಳ ಮೇಲೆ ಮೇಯ್ದು ಬಂದ ಹಸುವಿಗೆ ರಾತ್ರಿ ರಾಗಿಹುಲ್ಲು. ಒಂದು ಬೇಸಿಗೆಯಲ್ಲಿ ಬದುವಿನ ಹುಲ್ಲೆಲ್ಲ ಒಣಗಿತು. ಮೆದೆಯಲ್ಲಿ ರಾಗಿಹುಲ್ಲಿಗೆ ಕೊರತೆಯಿರಲಿಲ್ಲ. ಹಸು ಹೊಟ್ಟೆ ತುಂಬ ತಿನ್ನುತ್ತಲೂ ಇತ್ತು. ಆದರೂ ಮೈ ಇಳಿಯಿತು, ಹಾಲೂ ಇಳಿಯಿತು. ತಿಂದದ್ದು ಎಲ್ಲಿಗೆ ಹೋಗುತ್ತದೆ ಎಂದು ಅವ್ವ ತಲೆ ಕೆಡಿಸಿಕೊಂಡಳು.

ಉತ್ತರ ಮಗಳ ಜೀವಶಾಸ್ತ್ರದಲ್ಲಿತ್ತು. ಹಸು ತಿಂದ ಹುಲ್ಲನ್ನು ಕರಗಿಸುವುದು ಹಸುವಲ್ಲ, ಅದರ ಮೊದಲ ಹೊಟ್ಟೆಯಲ್ಲಿ ವಾಸಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವಕ್ಕೂ ಸಸಾರಜನಕ ಬೇಕು. ಮೇವಿನಲ್ಲಿ ಅದು ನೂರಕ್ಕೆ ಸುಮಾರು 7ಕ್ಕಿಂತ ಕಡಿಮೆಯಾದರೆ ಅವು ಸೊರಗುತ್ತವೆ. ರಾಗಿಹುಲ್ಲಿನಲ್ಲಿರುವುದು 3–4 ಮಾತ್ರ. ಹೊಟ್ಟೆ ತುಂಬಿದರೂ ಮೈಗೆ ಹತ್ತದಿರುವ ಗುಟ್ಟು ಇದು. ತಂಪು ದೇಶಗಳಲ್ಲಿ ಈ ಕೊರತೆ ನೀಗಿಸುವುದು ಕ್ಲೋವರ್ ಎಂಬ ಮೂರೆಲೆಯ ಸೊಪ್ಪು. ಪಂಜಾಬಿನ ಚಳಿಗಾಲದಲ್ಲಿ ಅದರ ಬಳಗದ ಬರ್ಸೀಮ್. ಕನ್ನಡನಾಡಿನ ಬಿಸಿಲಿಗೆ ಒಗ್ಗುವುದು ಅದರ ದಾಯಾದಿಗಳಾದ ಕುದುರೆ ಮೆಂತ್ಯ, ಅಲಸಂದೆ. ಇವೆಲ್ಲ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಜೀವಾಣುವಿಗೆ ಮನೆ ಕೊಟ್ಟು, ಗಾಳಿಯ ಸಾರಜನಕವನ್ನೇ ಬಾಡಿಗೆಯಾಗಿ ಪಡೆಯುವ ಜಾಣ ಗಿಡಗಳು. ಒಣಗಿಸಿ ತೂಗಿದರೆ ಕುದುರೆ ಮೆಂತ್ಯದಲ್ಲಿ ನೂರಕ್ಕೆ 18–20ರಷ್ಟು ಸಸಾರಜನಕ.

"ಎರಡು ಗುಂಟೆ ಬಿಟ್ಟುಕೊಡಪ್ಪ" ಎಂದಳು ಮಗಳು.

"ಕಬ್ಬು ಹಾಕೋ ಜಾಗದಲ್ಲಿ ಸೊಪ್ಪು ಬೆಳೀತಾರೇನವ್ವ?" ಎಂದು ಅಪ್ಪ ನಕ್ಕ. ಆದರೂ ದಸರಾ ಕಳೆದ ಮೇಲೆ ಬಿತ್ತಿದ. ಎರಡು ತಿಂಗಳಿಗೆ ಮೊದಲ ಕೊಯ್ಲು ಬಂತು, ಆಮೇಲೆ ತಿಂಗಳಿಗೊಮ್ಮೆ. ದಿನಾ ಸಂಜೆ ರಾಗಿಹುಲ್ಲಿನ ಜೊತೆ ನಾಲ್ಕಾರು ಹಿಡಿ ಬೆರೆಸಿದ್ದಷ್ಟೇ. ಹಸುವಿನ ಮೈಗೆ ಹೊಳಪು ಬಂತು, ಹಾಲು ಏರಿತು. ಉತ್ಸಾಹಗೊಂಡ ಅಪ್ಪ, ಮಗನನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಟ್ಯೂಷನ್ನಿಗೆ ಹಾಕುವುದೆಂದು ಲೆಕ್ಕ ಹಾಕಿದ.

ಮಗನೂ ಒಂದು ಲೆಕ್ಕ ಹಾಕಿದ್ದ. ನಾಲ್ಕು ಹಿಡಿಗೇ ಇಷ್ಟು ಹಾಲಾದರೆ ಒಂದು ಬುಟ್ಟಿಗೆ ಎಷ್ಟು? ಅಕ್ಕನ ಪರೀಕ್ಷೆ ಶುಲ್ಕ ಕಟ್ಟುವ ವಾರ. ದೊಡ್ಡವರು ಗದ್ದೆಗೆ ಹೋದ ಹೊತ್ತು ನೋಡಿ, ಇಬ್ಬನಿ ಆರದ ಎಳೆ ಸೊಪ್ಪನ್ನು ಬುಟ್ಟಿ ತುಂಬ ಕೊಯ್ದು ಹಸಿದ ಹಸುವಿನ ಮುಂದೆ ಸುರಿದ.

ಸ್ವಲ್ಪ ಹೊತ್ತಿಗೆ ಹಸುವಿನ ಎಡಪಕ್ಕೆ ತಮಟೆಯಂತೆ ಬಿಗಿಯಿತು. ಮೆಲುಕು ನಿಂತಿತು. ನಾಲಿಗೆ ಹೊರಚಾಚಿ ಏದುಸಿರು ಬಿಡತೊಡಗಿತು.

"ಮಲಗೋಕೆ ಬಿಡಬೇಡ ಕಣ್ಲಾ, ಮುಂಗಾಲು ದಿಬ್ಬದ ಮೇಲಿರೋ ಹಂಗೆ ನಿಲ್ಲಿಸು!" ಎಂದು ಅಜ್ಜಿ ಕೂಗಿದಳು. ಬೇವಿನ ಕಡ್ಡಿಯೊಂದನ್ನು ಬಾಯಿಗೆ ಅಡ್ಡಲಾಗಿ ಕಟ್ಟಿದಳು. ಹಸು ಅದನ್ನು ಅಗಿಯುತ್ತ ತೇಗಲೆಂದು. ಅಕ್ಕ ಪಶುವೈದ್ಯರನ್ನು ಕರೆತರಲು ಓಡಿದಳು. ಅವರು ಬಂದು ಹೊಟ್ಟೆಗೆ ಕೊಳವೆ ಇಳಿಸಿ ಎಣ್ಣೆ ಬಿಟ್ಟ ಮೇಲೆ ವಾಯು ಹೊರಬಿತ್ತು. ಮೂಲೆಯಲ್ಲಿ ನಿಂತು ಅಳುತ್ತಿದ್ದ ಹುಡುಗ ಆಗ ಉಸಿರು ಬಿಟ್ಟ.

ವೈದ್ಯರು ಕಾರಣ ಬಿಡಿಸಿ ಹೇಳಿದರು. ಎಳೆಯ ಹಸಿ ಸೊಪ್ಪಿನ ಸಸಾರಜನಕ ಹೊಟ್ಟೆಯಲ್ಲಿ ನೊರೆ ಕಟ್ಟುತ್ತದೆ. ವಾಯು ಆ ನೊರೆಯೊಳಗೆ ಸಿಕ್ಕಿಕೊಳ್ಳುತ್ತದೆ, ಹಸು ತೇಗಲಾರದು. ಉಬ್ಬಿದ ಹೊಟ್ಟೆ ಶ್ವಾಸಕೋಶವನ್ನು ಒತ್ತಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಎಣ್ಣೆ ನೊರೆಯನ್ನು ಒಡೆಯುತ್ತದೆ. ಆದರೆ ಗಾಬರಿಯಲ್ಲಿ ಬಾಯಿಗೆ ಸುರಿದರೆ ಎಣ್ಣೆ ಶ್ವಾಸಕೋಶಕ್ಕೇ ಇಳಿದೀತು. ಅದಕ್ಕೇ ವೈದ್ಯರನ್ನು ಕರೆಯಬೇಕು.

ಅಂದಿನಿಂದ ಆ ಕೊಟ್ಟಿಗೆಯಲ್ಲಿ ಮೊದಲು ಒಣಹುಲ್ಲು. ಇಬ್ಬನಿ ಆರಿದ ಮೇಲೆ ಕೊಯ್ದು, ಅರ್ಧ ದಿನ ಬಾಡಿಸಿದ ಸೊಪ್ಪು ಆಮೇಲೆ, ಅದೂ ಕತ್ತರಿಸಿ ಹುಲ್ಲಿಗೆ ಬೆರೆಸಿ. ಹಸು ಚೇತರಿಸಿಕೊಂಡಿತು. ಪರೀಕ್ಷೆ ಶುಲ್ಕವನ್ನೂ ಕಟ್ಟಿದ್ದಾಯಿತು.

ಅಪ್ಪ ಮಗನಿಗೆ ಬೈಯಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಟ್ಯೂಷನ್ನಿನ ಮಾತು ಮತ್ತೆ ಎತ್ತಿದ. ಮಗಳು ಮುದ್ದೆ ಮುರಿಯುತ್ತ ಅಂದಳು: "ಎರಡು ಬೇಡಪ್ಪ, ಒಂದು ಸಾಕು. ಇವನಿಗೂ ಮೆಲುಕು ಹಾಕೋಕೆ ಹೊತ್ತು ಬೇಡವಾ?"

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, ಎದ್ದು ಹಸುವಿಗೆ ಹುಲ್ಲು ಹಾಕಲು ಹೋದ.